ಆಶ್ರಯ ಮತ್ತು ದುಡಿಮೆ: ‘ನಿರಾಶ್ರಿತ’ ಎಂಬ ಪರಿಭಾಷೆಯ ಮರುಪರಿಶೀಲನೆ

ನೆಲೆ ಕಳೆದುಕೊಂಡ ಸಮುದಾಯಗಳನ್ನು ಕುರಿತು ಕನ್ನಡದ ಆಡಳಿತ, ಪತ್ರಿಕೆ ಹಾಗೂ ಸಂಶೋಧನೆಗಳಲ್ಲಿ ರೂಢಿಯಾಗಿರುವ ಪದಗಳು ಕೆಲವೇ: ನಿರಾಶ್ರಿತ, ಸಂತ್ರಸ್ತ, ಪರಿಹಾರ, ಪುನರ್ವಸತಿ. ಇವುಗಳಲ್ಲಿ ಒಂದೂ ದುಡಿಮೆಯನ್ನು ಸೂಚಿಸುವುದಿಲ್ಲ ಎಂಬುದು ಗಮನಾರ್ಹ. ‘ನಿರಾಶ್ರಿತ’ ಎಂದರೆ ಆಶ್ರಯವಿಲ್ಲದವನು. ಅದರ ವಿರುದ್ಧಪದವಾದ ‘ಆಶ್ರಿತ’ನಾದರೂ ಮತ್ತೊಬ್ಬರನ್ನು ಅವಲಂಬಿಸಿದವನೇ. ಅಂದರೆ ಈ ಪದಯುಗ್ಮದೊಳಗೆ ವ್ಯಕ್ತಿಗೆ ಇರುವುದು ಎರಡೇ ಸ್ಥಾನ, ದಿಕ್ಕಿಲ್ಲದವನದು ಅಥವಾ ಇನ್ನೊಬ್ಬರ ಹಂಗಿನಲ್ಲಿರುವವನದು. ಸ್ವಂತ ದುಡಿಮೆಯಿಂದ ಬದುಕುವವನಿಗೆ ಇಲ್ಲಿ ಜಾಗವಿಲ್ಲ. ‘ಪುನರ್ವಸತಿ’ಯೂ ವಾಸವನ್ನಷ್ಟೇ ಮರಳಿ ಕಟ್ಟುತ್ತದೆ. ಈ ಕೊರತೆ ಕೇವಲ ಭಾಷೆಯದಲ್ಲ, ಅದು ನಮ್ಮ ಧೋರಣೆಯದೂ ಹೌದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಪರಂಪರೆಯಲ್ಲಿ ಬೇರೆಯದೇ ಆದ ನಾಮಕರಣ ಕ್ರಮವೊಂದಿತ್ತು. ಶರಣರ ಐತಿಹ್ಯದಂತೆ ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನನ್ನು ಸಮುದಾಯ ಗುರುತಿಸಿದ್ದು ಅವನು ಬಿಟ್ಟುಬಂದ ನಾಡಿನಿಂದಲ್ಲ, ಹೊತ್ತು ಮಾರಿದ ಕಟ್ಟಿಗೆಯ ಹೊರೆಯಿಂದ. ಅವನು ಮೋಳಿಗೆಯ ಮಾರಯ್ಯನಾದ. ಅವನದು ಸ್ವ-ಇಚ್ಛೆಯ ವಲಸೆ, ಆದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಪರಸ್ಥಳದವನಿಗೆ ಕಾಯಕವೇ ಹೆಸರನ್ನೂ ಘನತೆಯನ್ನೂ ತಂದುಕೊಟ್ಟ ಬಗೆ ನಮ್ಮ ಚರ್ಚೆಗೆ ಮುಖ್ಯ.

ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ತಾಲ್ಲೂಕುಗಳ ರಬ್ಬರು ತೋಟಗಳ ನಿದರ್ಶನವನ್ನು ಈ ದೃಷ್ಟಿಯಿಂದ ತುಸು ವಿವರವಾಗಿ ನೋಡಬಹುದು. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ಭಾರತ ಮೂಲದ ತಮಿಳರಲ್ಲಿ ಬಹುಪಾಲು ಜನರನ್ನು ಅಲ್ಲಿನ 1948ರ ಪೌರತ್ವ ಕಾಯ್ದೆಯು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ ಅಂದಾಜು 9,75,000 ಜನರ ಪೈಕಿ 5,25,000 ಜನರನ್ನು ಭಾರತ ಸ್ವೀಕರಿಸುವುದೆಂದು ನಿರ್ಧಾರವಾಯಿತು. ಹಾಗೆ ಬಂದವರಲ್ಲಿ ಒಂದು ಪಾಲು ಇಲ್ಲಿನ ಸರ್ಕಾರಿ ರಬ್ಬರು ತೋಟಗಳಿಗೆ ಬಂದಿತು. ಇವು 1971ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು. ಒಪ್ಪಂದದ ಪ್ರಕಾರ ಇವರು ಭಾರತದ ಪ್ರಜೆಗಳು. ಆದರೆ ಆಡುಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ‘ನಿರಾಶ್ರಿತರು’ ಎಂಬ ಹೆಸರು ಅವರನ್ನು ಬಿಟ್ಟಿಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ನಸುಕಿನಲ್ಲೇ ಮರದಿಂದ ಮರಕ್ಕೆ ನಡೆದು ತೊಗಟೆ ಗೀರುವ ಈ ಕುಶಲ ಕೆಲಸಗಾರರನ್ನು ‘ರಬ್ಬರು ಕಾರ್ಮಿಕರು’ ಎನ್ನುವುದಕ್ಕೆ ಅಡ್ಡಿಯಾದರೂ ಏನು?

ಇಲ್ಲಿ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ತೋಟದ ವ್ಯವಸ್ಥೆಯಲ್ಲಿ ಮನೆಯು ಕೆಲಸಕ್ಕೆ ಅಂಟಿಕೊಂಡಿರುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆಯು ಮಾಲೀಕನೇ ವಸತಿ ಒದಗಿಸಬೇಕೆಂದು ವಿಧಿಸಿತು. ಕಾರ್ಮಿಕ ಹಿತದ ಈ ನಿಯಮಕ್ಕೆ ಇನ್ನೊಂದು ಮುಖವೂ ಉಂಟು: ಕೆಲಸ ಮುಗಿದ ದಿನ ಮನೆಯ ಮೇಲಿನ ಹಕ್ಕೂ ಅಲುಗಾಡುತ್ತದೆ. ಜೀವಮಾನವಿಡೀ ದುಡಿದವನು ನಿವೃತ್ತಿಯ ಹೊಸ್ತಿಲಲ್ಲಿ ಅಕ್ಷರಶಃ ನಿರಾಶ್ರಿತನಾಗುವ ಭಯ ಇಂಥ ಲೈನ್ ಮನೆಗಳಲ್ಲಿ ಇದ್ದೇ ಇರುತ್ತದೆ. ಆಶ್ರಯವನ್ನು ಹಕ್ಕಾಗಿ ಅಲ್ಲದೆ ಸೇವೆಯ ಶರತ್ತಾಗಿ ನೀಡಿದಲ್ಲಿ ಕೂಲಿಯ ಬಗ್ಗೆ ದನಿಯೆತ್ತುವುದೂ ಕಷ್ಟ.

ಬೈಲಕುಪ್ಪೆಯ ಟಿಬೆಟನ್ನರ ಸ್ಥಿತಿ ಇದಕ್ಕಿಂತ ಭಿನ್ನ. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದವರು ಕಾಡು ಕಡಿದು ಹೊಲ ಮಾಡಿದರು, ಮೆಕ್ಕೆಜೋಳ ಬೆಳೆದರು, ಚಳಿಗಾಲದಲ್ಲಿ ನಗರಗಳ ಬೀದಿಗಳಲ್ಲಿ ಸ್ವೆಟರ್ ಮಾರಿದರು. ಭೂಮಿ ಗುತ್ತಿಗೆಯದು, ಒಡೆತನದ್ದಲ್ಲ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೆಯ ವಿಧಿ ಕೂಲಿ ಉದ್ಯೋಗವನ್ನೂ 18ನೆಯದು ಸ್ವಂತ ಉದ್ಯೋಗವನ್ನೂ ಕುರಿತದ್ದು. 24ನೆಯದು ವೇತನ, ದುಡಿಮೆಯ ಅವಧಿ ಮುಂತಾದವುಗಳಲ್ಲಿ ದೇಶದ ಪ್ರಜೆಗಳಿಗೆ ಸಮನಾದ ನಡವಳಿಕೆಯನ್ನು ಬೇಡುತ್ತದೆ. ಭಾರತ ಇದಕ್ಕೆ ಸಹಿ ಹಾಕಿಲ್ಲ. ನಮ್ಮ ಸಂವಿಧಾನದಲ್ಲಿ ವೃತ್ತಿ ಸ್ವಾತಂತ್ರ್ಯ ನೀಡುವ 19ನೆಯ ಅನುಚ್ಛೇದ ಪ್ರಜೆಗಳಿಗಷ್ಟೇ ಮೀಸಲು. ಆದರೆ ಬಿಟ್ಟಿ ದುಡಿಮೆಯನ್ನು ನಿಷೇಧಿಸುವ 23ನೆಯ ಅನುಚ್ಛೇದಕ್ಕೆ ಆ ಮಿತಿಯಿಲ್ಲ. ಏಷ್ಯಾಡ್ ಕಾಮಗಾರಿಗಳ ಕಾರ್ಮಿಕರನ್ನು ಕುರಿತ 1982ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಈ ಎರಡನ್ನೂ ಕೂಡಿಸಿ ಓದಿದರೆ, ಪೌರತ್ವವಿಲ್ಲದವನ ಕೂಲಿಗೂ ಸಂವಿಧಾನದ ರಕ್ಷಣೆಯಿದೆ ಎಂದು ವಾದಿಸಲು ಸಾಧ್ಯ. ಆ ಓದು ನಮ್ಮಲ್ಲಿ ಸಾಕಷ್ಟು ನಡೆದಿಲ್ಲ.

ದೇಶದೊಳಗೇ ನೆಲೆ ತಪ್ಪಿದವರ ಮಾತು ಬಂದಾಗ ಕನ್ನಡ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಶರಾವತಿ ಕಣಿವೆ, ಜೊತೆಗೆ ನಾ. ಡಿಸೋಜರ ‘ಮುಳುಗಡೆ’ ಹಾಗೂ ‘ದ್ವೀಪ’ ಕಾದಂಬರಿಗಳು. ‘ಮುಳುಗಡೆ’ ಎಂಬ ಪದವೂ ನೆಲಕ್ಕೆ ಆದದ್ದನ್ನು ಹೇಳುತ್ತದೆಯೇ ಹೊರತು ನೆಲದ ಮೇಲೆ ದುಡಿದವರಿಗೆ ಆದದ್ದನ್ನಲ್ಲ. 1894ರ ಭೂಸ್ವಾಧೀನ ಕಾಯ್ದೆಯ ಲೆಕ್ಕವೂ ಇದೇ ಆಗಿತ್ತು. ಆಸ್ತಿಯಲ್ಲಿ ಹಿತಾಸಕ್ತಿ ಉಳ್ಳವನಿಗೆ ಪರಿಹಾರ. ಅದೇ ಗದ್ದೆಯಲ್ಲಿ ನಾಟಿ ಮಾಡಿದ ಕೂಲಿಯಾಳು, ಊರಿನ ಕಮ್ಮಾರ, ಕುಂಬಾರರು ಕಡತದಲ್ಲಿ ಇರಲೇ ಇಲ್ಲ. 2013ರ ಕಾಯ್ದೆ ಮೊದಲ ಬಾರಿಗೆ, ಸ್ವಾಧೀನಕ್ಕೆ ಮುಂಚೆ 3 ವರ್ಷ ಆ ಪ್ರದೇಶದಲ್ಲಿ ದುಡಿದು ಜೀವನೋಪಾಯ ಕಳೆದುಕೊಳ್ಳುವ ಕೃಷಿ ಕಾರ್ಮಿಕರು, ಗೇಣಿದಾರರು, ಕುಶಲಕರ್ಮಿಗಳನ್ನೂ ‘ಬಾಧಿತ ಕುಟುಂಬ’ದ ವ್ಯಾಖ್ಯೆಯೊಳಗೆ ತಂದಿತು. ತಡವಾಗಿಯಾದರೂ ಕಾನೂನಿನ ಭಾಷೆ ಇಲ್ಲಿ ನಮ್ಮ ಸಾಹಿತ್ಯ ವಿಮರ್ಶೆಯ ಭಾಷೆಗಿಂತ ಒಂದು ಹೆಜ್ಜೆ ಮುಂದಿದೆ.

ಹೊಸ ಪದವನ್ನು ಟಂಕಿಸುವುದು ಸುಲಭ. ಅದು ನಿಲ್ಲುವುದು ಬಳಕೆಯಿಂದ. ಅದಕ್ಕಿಂತ ಮೊದಲು ಕ್ಷೇತ್ರಕಾರ್ಯದ ಪ್ರಶ್ನಾವಳಿಯನ್ನು ತಿದ್ದಬಹುದು. ‘ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ’ ಎಂಬಲ್ಲಿಗೆ ನಿಲ್ಲುವ ನಮ್ಮ ಸಂದರ್ಶನಗಳು ‘ಅಲ್ಲಿ ಏನು ಕೆಲಸ ಬಲ್ಲವರಾಗಿದ್ದಿರಿ, ಇಲ್ಲಿ ಅದರಲ್ಲಿ ಯಾವುದು ಉಳಿಯಿತು, ಕೂಲಿ ಯಾರು ನಿಗದಿ ಮಾಡಿದರು’ ಎಂದು ಮುಂದುವರಿಯಬೇಕು. ಪೂರ್ವ ಬಂಗಾಳದಿಂದ ಬಂದವರು ನೆಲೆಸಿದ ಸಿಂಧನೂರು ತಾಲ್ಲೂಕಿನ ಊರುಗಳಿಗೆ ದಶಕಗಳ ಬೇಸಾಯದ ನಂತರವೂ ಆರ್.ಎಚ್. ಕ್ಯಾಂಪ್ ಎಂಬ ಹೆಸರು ಮತ್ತು ಒಂದು ಕ್ರಮಸಂಖ್ಯೆಯೇ ಉಳಿದಿದೆ. ಅಲ್ಲಿನ ಗದ್ದೆಗಳಿಗೆ ಅವರು ತಮ್ಮ ಮಾತಿನಲ್ಲಿ ಯಾವ ಹೆಸರು ಇಟ್ಟುಕೊಂಡಿದ್ದಾರೆ ಎಂಬುದರಿಂದಲೇ ಈ ಅಧ್ಯಯನವನ್ನು ಆರಂಭಿಸಬಹುದು.