ತಲೆ ಎಣಿಸುವ ಜಾಗ

ಮಗಳೇ, ನಿನಗೆ ವಿಧಾನಸೌಧದ ವರದಿಗಾರಿಕೆ ವಹಿಸಿದ್ದಾರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಸಂತೋಷ. ಸಂಪುಟ ವಿಸ್ತರಣೆ, ಖಾತೆ ಹಂಚಿಕೆ, ಭಿನ್ನಮತ ಇವನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಮೊಗಸಾಲೆಯಲ್ಲಿ ನಾಲ್ಕು ತಿಂಗಳು ಓಡಾಡಿದರೆ ತಾನಾಗಿ ಬರುತ್ತದೆ. ನಾನು ಹೇಳಬೇಕೆಂದಿರುವುದು ರಾಜಭವನದ ವಿಷಯ. ಅಲ್ಲಿ ವರ್ಷವಿಡೀ ಹೇಳಿಕೊಳ್ಳುವಂಥ ಸುದ್ದಿಯಿರುವುದಿಲ್ಲ. ಪ್ರಮಾಣವಚನ, ಸ್ವಾತಂತ್ರ್ಯ ದಿನದ ಚಹಾಕೂಟ, ಕುಲಪತಿಗಳ ನೇಮಕ, ಅಷ್ಟೆ. ಆಮೇಲೆ ಒಂದು ಸಂಜೆ ಶಾಸಕರ ಗುಂಪೊಂದು ಪತ್ರ ಹಿಡಿದು ಗೇಟಿನೊಳಗೆ ಹೋಗುತ್ತದೆ. ಅಂದಿನಿಂದ ಎಲ್ಲರ ಕಣ್ಣೂ ಅಲ್ಲೇ. ಆ ಸಂಜೆಗೆ ಮುಂಚೆ ನಿನಗೆ ಒಂದಿಷ್ಟು ಗೊತ್ತಿರಲಿ.

ಮೊದಲು, ‘ರಬ್ಬರ್ ಸ್ಟಾಂಪ್’ ಅನ್ನುವುದನ್ನು ಬಿಡು. ದೆಹಲಿಯ ಏಜೆಂಟ್ ಅನ್ನುವುದನ್ನೂ ಬಿಡು. ಎರಡೂ ಬರೆಯುವವರ ಸೋಮಾರಿತನ. ರಾಜ್ಯಪಾಲರು ಸಂಪುಟದ ಸಲಹೆಯಂತೆ ನಡೆಯಬೇಕು ಎಂಬುದು ನಿಯಮ. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಗಟ್ಟಿಯಾಗಿ ಹೇಳಿತು. ಆದರೆ ಸಂವಿಧಾನದ 163ನೇ ವಿಧಿ ಅವರ ಸ್ವಂತ ವಿವೇಚನೆಗೆ ಒಂದಿಷ್ಟು ಜಾಗ ಉಳಿಸಿದೆ. ಯಾರಿಗೂ ಬಹುಮತ ಬಾರದಿದ್ದಾಗ ಮುಖ್ಯಮಂತ್ರಿಯಾಗಲು ಯಾರನ್ನು ಕರೆಯಬೇಕು? ಬಹುಮತ ಕಳೆದುಕೊಂಡವರು ವಿಧಾನಸಭೆ ವಿಸರ್ಜಿಸಿ ಎಂದರೆ ಒಪ್ಪಬೇಕೇ? ರಾಷ್ಟ್ರಪತಿಗೆ ವರದಿ ಕಳಿಸಬೇಕೇ? ಇಲ್ಲೆಲ್ಲ ಸಲಹೆ ಕೊಡುವ ಸಂಪುಟವೇ ಇರುವುದಿಲ್ಲ, ಇಲ್ಲವೇ ಅದರ ಬಲವೇ ಸಂಶಯದಲ್ಲಿರುತ್ತದೆ. ಯಾರಾದರೂ ಒಬ್ಬರು ನಿರ್ಧರಿಸಲೇಬೇಕು. ಸಂವಿಧಾನದ ಕರಡಿನಲ್ಲಿ ರಾಜ್ಯಪಾಲರನ್ನು ಜನರೇ ಆರಿಸುವ ಪ್ರಸ್ತಾವವಿತ್ತು. 1949ರಲ್ಲಿ ಸಂವಿಧಾನ ರಚಿಸಿದವರು ಅದನ್ನು ಕೈಬಿಟ್ಟು ನೇಮಕದ ದಾರಿ ಹಿಡಿದರು. ಜನರೇ ಆರಿಸಿದ ಮುಖ್ಯಮಂತ್ರಿಗೂ ಜನರೇ ಆರಿಸಿದ ರಾಜ್ಯಪಾಲರಿಗೂ ಜಗಳ ಬಂದರೆ ಬಿಡಿಸುವವರು ಯಾರು ಎಂಬ ಚಿಂತೆ ಅದರ ಹಿಂದಿತ್ತು. ನೇಮಕವಾದವರು ಹದ್ದಿನಲ್ಲಿರುತ್ತಾರೆ ಎಂಬುದು ಅವರ ನಂಬಿಕೆ. ನಂಬಿಕೆ ಎಷ್ಟು ಉಳಿಯಿತೆಂದು ನೀನೇ ನೋಡುತ್ತಿದ್ದೀಯ.

ಈಗ ನಮ್ಮದೇ ಊರಿನ ಕಥೆಗೆ ಬರೋಣ. ದೇಶದ ಯಾವ ಮೂಲೆಯಲ್ಲಿ ಸರಕಾರ ಅಲುಗಾಡಿದರೂ ವಕೀಲರು ‘ಬೊಮ್ಮಾಯಿ’ ಎನ್ನುತ್ತಾರೆ. ನಿನ್ನ ವಾರಗೆಯವರಿಗೆ ಅದೊಂದು ತೀರ್ಪಿನ ಹೆಸರು. ನಮಗೆ ಅದು 1989ರ ಏಪ್ರಿಲ್‌ನ ಒಂದು ವಾರ.

ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮರುವರ್ಷ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಯಿತು. ಹದಿಮೂರು ಮಂದಿ ಒಳಗೆ ಬಂದರು. ಉಳಿದವರ ಮುಖ ಹೇಗಿತ್ತೆಂದು ಊಹಿಸಿಕೋ. ಎರಡೇ ದಿನಕ್ಕೆ ಜನತಾದಳ ಬಿಟ್ಟ ಶಾಸಕರೊಬ್ಬರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಂದು ಕಟ್ಟು ಪತ್ರ ಒಪ್ಪಿಸಿದರು. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸು ಪಡೆದಿದ್ದಾರೆ ಎಂಬುದು ಅದರ ಸಾರ. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಜನ ತಿರುಗಿ ಬರೆದರು: ನಮಗೆ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರಕಾರದ ಜೊತೆಗೇ ಇದ್ದೇವೆ, ಎಂದು. ಅದೇ ದಿನ ಮುಖ್ಯಮಂತ್ರಿ ಕಾನೂನು ಸಚಿವರೊಂದಿಗೆ ರಾಜಭವನಕ್ಕೆ ಹೋಗಿ, ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯುತ್ತೇವೆ, ಬಹುಮತವನ್ನು ಸದನದಲ್ಲೇ ತೋರಿಸುತ್ತೇವೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಶಾಸಕರ ಖರೀದಿ ನಡೆಯುತ್ತಿದೆ ಎಂಬ ಕಾರಣ ಕೊಟ್ಟು ಎರಡನೇ ವರದಿ ಕಳಿಸಿದರು. 21ರಂದು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಟಿತು. ಸರಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು.

ಮಗಳೇ, ಆ ಏಳು ಜನ ಎರಡನೇ ಸಲ ಬರೆದದ್ದು ನಿಜವೋ ಮೊದಲನೆಯ ಸಲ ಬರೆದದ್ದು ನಿಜವೋ, ನನಗಂತೂ ಹೇಳಲಾಗದು. ರಾಜ್ಯಪಾಲರಿಗೂ ಹೇಳಲಾಗುತ್ತಿರಲಿಲ್ಲ. ತಿಳಿಯಲು ಇದ್ದ ದಾರಿ ಒಂದೇ. ಆ ಶಾಸಕರನ್ನು ಸದನದಲ್ಲಿ ಎಲ್ಲರ ಎದುರು ಎದ್ದು ನಿಲ್ಲಿಸಿ ಎಣಿಸಬೇಕಿತ್ತು. ಕೈಗೆ ಸಿಕ್ಕಿದ್ದ ಆ ದಾರಿಯನ್ನೇ ಬಿಟ್ಟರು. ಹೈಕೋರ್ಟು ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಸರಕಾರದ ಬಲ ಯಾವ ವ್ಯಕ್ತಿಯ ಖಾಸಗಿ ಅಂದಾಜಿನ ವಿಷಯವೂ ಅಲ್ಲ, ಅದನ್ನು ಪರೀಕ್ಷಿಸುವ ಜಾಗ ಸದನ, ಕರ್ನಾಟಕದ ಘೋಷಣೆ ಸಂವಿಧಾನಕ್ಕೆ ವಿರುದ್ಧ. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲರು ಬಂದು ಹೋಗಿ, ಬಂಗಾರಪ್ಪನವರು ಬಂದು ಹೋಗಿ, ಮೊಯಿಲಿಯವರು ಕುರ್ಚಿಯಲ್ಲಿದ್ದರು. ಬೊಮ್ಮಾಯಿಯವರಿಗೆ ಗೆಲುವು ಸಿಕ್ಕಿತು, ಸರಕಾರ ಸಿಗಲಿಲ್ಲ.

ಆದ್ದರಿಂದ ನಿನಗೆ ನನ್ನ ಒಂದೇ ಅಳತೆಗೋಲು. ರಾಜ್ಯಪಾಲರ ತೀರ್ಮಾನದಿಂದ ಯಾವ ಪಕ್ಷಕ್ಕೆ ಲಾಭ ಎಂದು ಮೊದಲು ಕೇಳಬೇಡ. ಅದನ್ನು ಕೇಳಲು ಬೇಕಾದಷ್ಟು ಜನರಿದ್ದಾರೆ. ಆ ತೀರ್ಮಾನ ಜಗಳವನ್ನು ಸದನಕ್ಕೆ ಬೇಗ ತಂದಿತೋ ಅಥವಾ ಸದನದಿಂದ ದೂರ ಇಟ್ಟಿತೋ ಎಂದು ಕೇಳು.

2018ನ್ನು ಹೀಗೆ ಅಳೆದು ನೋಡು. ಮೇ 15ರಂದು ಫಲಿತಾಂಶ. ಮತದಾನವಾದ 222 ಸ್ಥಾನಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಫಲಿತಾಂಶದ ದಿನವೇ ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು. ರಾಜ್ಯಪಾಲ ವಜುಭಾಯ್ ವಾಲಾ ದೊಡ್ಡ ಪಕ್ಷವೆಂದು ಬಿಜೆಪಿಯ ಯಡಿಯೂರಪ್ಪನವರನ್ನು ಕರೆದರು. ಕೂಗಾಡಿದವರೆಲ್ಲ ಕರೆದದ್ದೇ ತಪ್ಪೆಂದರು. ನಾನು ಹಾಗೆನ್ನುವುದಿಲ್ಲ. ಸರಕಾರ ರಚಿಸಲು ಯಾರನ್ನು ಕರೆಯಬೇಕೆಂದು ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗ ಹೇಳಿದ ಕ್ರಮದಲ್ಲಿ ಚುನಾವಣಾಪೂರ್ವ ಮೈತ್ರಿಯ ನಂತರ, ಇತರರ ಬೆಂಬಲ ಪಡೆದ ದೊಡ್ಡ ಪಕ್ಷಕ್ಕೆ ಸ್ಥಾನವಿದೆ. ಫಲಿತಾಂಶದ ಮೇಲೆ ಕೂಡಿಕೊಂಡವರು ಅದರ ನಂತರ. ಆದರೆ ಅಲ್ಲಿ ‘ಬೆಂಬಲ ಪಡೆದ’ ಎಂಬ ಮಾತೂ ಇದೆ. ಅದನ್ನು ನುಂಗಬಾರದು. ಹಿಂದಿನ ವರ್ಷವಷ್ಟೇ ಗೋವಾದಲ್ಲಿ 17 ಸ್ಥಾನದ ಕಾಂಗ್ರೆಸ್ಸನ್ನು ಬಿಟ್ಟು 13ರ ಬಿಜೆಪಿ ಕೂಟವನ್ನು ಕರೆದಿದ್ದರು. ಅಲ್ಲಿ ಒಂದು ತೂಕ, ಇಲ್ಲಿ ಒಂದು ತೂಕ. ಅದೇನೇ ಇರಲಿ, ನನಗೆ ಬೆಂಗಳೂರಿನ ಆದೇಶದಲ್ಲಿ ನಿಜವಾಗಿ ಚುಚ್ಚಿದ್ದು ಬಹುಮತ ಸಾಬೀತಿಗೆ ಕೊಟ್ಟ ಹದಿನೈದು ದಿನ. 104 ಇದ್ದವರಿಗೆ ಹದಿನೈದು ದಿನ ಯಾಕೆ? ಎಣಿಸಲು ಒಂದು ಮಧ್ಯಾಹ್ನ ಸಾಕು. ಉಳಿದ ಹದಿನಾಲ್ಕು ದಿನ ಯಾವ ವ್ಯವಹಾರಕ್ಕೆಂದು ರೆಸಾರ್ಟಿನ ಕಾವಲುಗಾರನಿಗೂ ಗೊತ್ತಿತ್ತು.

ಸುಪ್ರೀಂ ಕೋರ್ಟು ನಡುರಾತ್ರಿ ಬಾಗಿಲು ತೆರೆದು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವಚನ ತಡೆಯಲಿಲ್ಲ. 18ರಂದು, ನಾಳೆ ಸಂಜೆ ನಾಲ್ಕಕ್ಕೆ ವಿಶ್ವಾಸಮತ ಎಂದು ಹದಿನೈದು ದಿನವನ್ನು ಒಂದೇ ದಿನಕ್ಕಿಳಿಸಿತು. ಯಡಿಯೂರಪ್ಪನವರು 19ರಂದು ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು. ಬೊಮ್ಮಾಯಿಯವರಿಗೆ ಐದು ವರ್ಷ ಹಿಡಿದದ್ದು ಇಲ್ಲಿ ಎರಡೂವರೆ ದಿನದಲ್ಲಿ ಮುಗಿಯಿತು. ಆ ಹಳೆಯ ತೀರ್ಪಿನ ನಿಜವಾದ ಫಲ ಇದು.

ಹಾಗೆಂದು ರಾಜ್ಯಪಾಲರು ಕೈಕಟ್ಟಿ ಕೂತರೆ ಸಾಕು ಎಂದುಕೊಳ್ಳಬೇಡ. ಸದನಕ್ಕೆ ಹೋಗಲು ಹೆದರುವವರು ಮುಖ್ಯಮಂತ್ರಿಗಳಲ್ಲೂ ಇದ್ದಾರೆ. ಪಶ್ಚಿಮ ಬಂಗಾಳದಲ್ಲಿ 1967ರಲ್ಲಿ ಅಜಯ್ ಮುಖರ್ಜಿಯವರ ಸರಕಾರದಿಂದ ಶಾಸಕರು ಹೊರಬಿದ್ದಾಗ, ಬೇಗ ಅಧಿವೇಶನ ಕರೆಯಿರಿ ಎಂದು ರಾಜ್ಯಪಾಲ ಧರ್ಮವೀರ ಕೇಳಿದರು. ಸಂಪುಟ ಡಿಸೆಂಬರ್ 18ಕ್ಕಿಂತ ಮುಂಚೆ ಆಗದು ಎಂದಿತು. ಅವರು ನವೆಂಬರ್ 21ರಂದು ಸರಕಾರವನ್ನೇ ವಜಾ ಮಾಡಿದರು. ಅಧಿವೇಶನ ಬೇಗ ಕರೆಯಿರಿ ಎಂದು ಒತ್ತಾಯಿಸಿದ್ದು ಸರಿ ಅನ್ನಿಸುತ್ತದೆ ನನಗೆ. ಮೂರು ನಾಲ್ಕು ವಾರ ಕಾಯಲಾರದೆ ವಜಾ ಮಾಡಿದ್ದು ಸರಿಯಲ್ಲ. ಅದೇ ಧರ್ಮವೀರ ಆಮೇಲೆ ನಮ್ಮ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿ ಬಂದರು, 1971ರಲ್ಲಿ ಇಲ್ಲಿಯೂ ರಾಷ್ಟ್ರಪತಿ ಆಳ್ವಿಕೆ ಬಂತು.

2019ರ ಜುಲೈ ಇನ್ನೂ ತೊಡಕಿನದು. ಕಾಂಗ್ರೆಸ್-ಜೆಡಿಎಸ್ ಸರಕಾರದ ಮುಖ್ಯಮಂತ್ರಿ ಕುಮಾರಸ್ವಾಮಿಯವರ ವಿಶ್ವಾಸಮತ ಸದನದಲ್ಲೇ ಇತ್ತು, ಚರ್ಚೆ ಮಾತ್ರ ಮುಗಿಯುತ್ತಿರಲಿಲ್ಲ. ವಜುಭಾಯ್ ವಾಲಾ 19ರ ಮಧ್ಯಾಹ್ನ ಒಂದೂವರೆಯ ಗಡುವು ಕೊಟ್ಟರು, ಅದು ದಾಟಿದ ಮೇಲೆ ದಿನದ ಕೊನೆಯ ಗಡುವು ಕೊಟ್ಟರು. ಅದೂ ದಾಟಿತು. ಸದನವನ್ನು ಸೇರಿಸಿ ಎನ್ನುವುದು ಒಂದು, ಸೇರಿದ ಸದನಕ್ಕೆ ಗಡಿಯಾರ ಕಟ್ಟುವುದು ಇನ್ನೊಂದು. ಒಳಗಿನ ಹೊತ್ತು ಸ್ಪೀಕರ್ ಅವರದು. ಮತ 23ರಂದು ಬಿತ್ತು: ಪರವಾಗಿ 99, ವಿರುದ್ಧ 105. ನಾಲ್ಕು ದಿನ ತಡವಾಯಿತು, ನಿಜ. ಆದರೆ ಸರಕಾರ ಬಿದ್ದದ್ದು ಸದನದಲ್ಲಿ, ಆ ಎಣಿಕೆಯನ್ನು ಇಂದಿಗೂ ಯಾರೂ ಪ್ರಶ್ನಿಸುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ಯಾರಾದರೂ ಹೇಳಿದರೆ ಆಸ್ಟ್ರೇಲಿಯಾವನ್ನು ನೆನಪಿಸು. ಆ ಕಾಲಕ್ಕೆ ಅಲ್ಲಿ ರಾಣಿಯ ಪ್ರತಿನಿಧಿಯಾಗಿದ್ದವರು ಗವರ್ನರ್ ಜನರಲ್. 1975ರಲ್ಲಿ ಮೇಲ್ಮನೆ ಹಣಕಾಸಿನ ಮಸೂದೆಗಳನ್ನು ತಡೆಹಿಡಿದಾಗ ನವೆಂಬರ್ 11ರಂದು ಆ ಹುದ್ದೆಯಲ್ಲಿದ್ದ ಸರ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನೇ ವಜಾ ಮಾಡಿ ವಿರೋಧ ಪಕ್ಷದ ಮಾಲ್ಕಮ್ ಫ್ರೇಸರ್ ಅವರನ್ನು ಕೂರಿಸಿದರು. ಕೆರ್ ಅವರನ್ನು ಆ ಹುದ್ದೆಗೆ ಆರಿಸಿದ್ದು ವಿಟ್ಲಮ್ ಅವರೇ. ಅದೇ ಮಧ್ಯಾಹ್ನ ಕೆಳಮನೆ ಫ್ರೇಸರ್ ವಿರುದ್ಧ 64-54 ಮತಗಳಿಂದ ಅವಿಶ್ವಾಸ ಸೂಚಿಸಿತು. ಆ ನಿರ್ಣಯ ಹಿಡಿದು ಹೊರಟ ಸ್ಪೀಕರ್‌ಗೆ ಸಂಸತ್ತು ವಿಸರ್ಜನೆಯಾಗುವವರೆಗೂ ಭೇಟಿ ಸಿಗಲಿಲ್ಲ. ಡಿಸೆಂಬರ್‌ನ ಚುನಾವಣೆಯಲ್ಲಿ ಫ್ರೇಸರ್ ಭಾರೀ ಬಹುಮತದಿಂದ ಗೆದ್ದರು, ಕೆರ್ ಸರಿ ಎಂದವರು ಅದನ್ನೇ ತೋರಿಸುತ್ತಾರೆ. ಈ ವಾದಕ್ಕೆ ಬೀಳಬೇಡ. ಇಲ್ಲಿ 1977ರ ಕೊನೆಯ ದಿನ ವಜಾ ಆದ ದೇವರಾಜ ಅರಸರು ಎರಡೇ ತಿಂಗಳಲ್ಲಿ ಗೆದ್ದು ಬಂದರು. 1989ರಲ್ಲಿ ಜನತಾದಳ ಸೋತಿತು. ಚುನಾವಣೆಯಲ್ಲಿ ಯಾರು ಗೆದ್ದರೂ ವಜಾ ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಮತದಾರ ಬೆಲೆಯೇರಿಕೆ ನೋಡಿಯೂ ಮತ ಹಾಕುತ್ತಾನೆ.

ಇನ್ನು ದಿನದ ಕೆಲಸಕ್ಕೆ ಬೇಕಾದ ಮಾತು. ಪತ್ರದಲ್ಲಿ ಎಷ್ಟು ಸಹಿ ಇದೆ ಎಂಬುದನ್ನು ಬಹುಮತವೆಂದು ಬರೆಯಬೇಡ, ‘ಸಹಿ ಇದೆಯೆಂದು ಹೇಳಿಕೊಂಡಿದ್ದಾರೆ’ ಎಂದೇ ಬರೆ. ರಾಜಭವನದ ಹುಲ್ಲುಹಾಸಿನಲ್ಲಿ ಶಾಸಕರನ್ನು ಸಾಲಾಗಿ ನಿಲ್ಲಿಸಿದರೆ ಅದು ಛಾಯಾಗ್ರಾಹಕರ ಕೆಲಸ, ನಿನ್ನದಲ್ಲ. ರಾಜ್ಯಪಾಲರು ತಮ್ಮ ಆದೇಶದಲ್ಲಿ ಕಾರಣ ಕೊಟ್ಟಿದ್ದಾರೆಯೇ, ಯಾವ ಕಾಗದದ ಮೇಲೆ ನಂಬಿಕೆ ಇಟ್ಟಿದ್ದಾರೆ ಎಂದು ಕೇಳು. 2018ರಲ್ಲಿ ಸುಪ್ರೀಂ ಕೋರ್ಟು ಮೊದಲು ಕೇಳಿದ್ದೂ ಯಡಿಯೂರಪ್ಪನವರು ಕೊಟ್ಟ ಪತ್ರಗಳನ್ನೇ. ಮತ್ತೆ, ನಿನಗೆ ಇಷ್ಟವಾದ ಪಕ್ಷಕ್ಕೆ ಅನುಕೂಲವಾದ ದಿನವೂ ಇವೇ ಪ್ರಶ್ನೆ ಕೇಳಬೇಕು. ಅದು ಕಷ್ಟ, ನನಗೆ ಗೊತ್ತು.

ಆ ಸಂಜೆ ಬಂದಾಗ ನಿನ್ನ ವರದಿಯ ಮೊದಲ ಪ್ಯಾರಾದಲ್ಲಿ ಸದನ ಸೇರುವ ದಿನಾಂಕ ಇರಲಿ. ರಾಜಭವನದ ಪ್ರಕಟಣೆಯಲ್ಲಿ ದಿನಾಂಕವೇ ಇಲ್ಲದಿದ್ದರೆ, ಇಲ್ಲ ಎಂಬುದನ್ನೇ ಮೊದಲ ಪ್ಯಾರಾದಲ್ಲಿ ಬರೆ.