ಸಾಹಸ ಬಂಡವಾಳ ನಿಧಿ: ಸ್ಥಾಪನೆ, ನಿರ್ವಹಣೆ ಮತ್ತು ಲೆಕ್ಕಾಚಾರ

ಬ್ಯಾಂಕು ಸಾಲ ನೀಡುವಾಗ ಅಡಮಾನ ಕೇಳುತ್ತದೆ. ಕಂತು ತಪ್ಪಿದರೆ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳುತ್ತದೆ. ವ್ಯವಹಾರದಲ್ಲಿ ವೆಂಚರ್ ಕ್ಯಾಪಿಟಲ್ ಎಂದು ಪರಿಚಿತವಾಗಿರುವ ಸಾಹಸ ಬಂಡವಾಳವು ಅಡಮಾನದ ಬದಲು ಕಂಪನಿಯ ಷೇರುಗಳಲ್ಲಿ ಪಾಲು ಪಡೆಯುತ್ತದೆ. ಆದ್ದರಿಂದ ಇದನ್ನು ಸುಲಭದ ಹಣವೆಂದು ತಿಳಿಯುವ ಉದ್ದಿಮೆದಾರರೂ, ಶೀಘ್ರ ಲಾಭದ ಹೂಡಿಕೆಯೆಂದು ತಿಳಿಯುವ ವರ್ತಕರೂ ಇದ್ದಾರೆ. ನಿಧಿಯಲ್ಲಿರುವುದು ಇತರರ ಹಣ, ಅದನ್ನು ಗೊತ್ತುಪಡಿಸಿದ ಅವಧಿಯೊಳಗೆ ಲಾಭಸಹಿತ ಹಿಂದಿರುಗಿಸಬೇಕು ಎಂಬುದನ್ನು ಇಬ್ಬರೂ ಮೊದಲು ಗಮನಿಸಬೇಕು.

ಕರ್ನಾಟಕಕ್ಕೆ ಈ ವ್ಯವಸ್ಥೆ ಹೊಸದಲ್ಲ. ಐಸಿಐಸಿಐ ಮತ್ತು ಯುಟಿಐ ಕೂಡಿ 1988ರಲ್ಲಿ ಸ್ಥಾಪಿಸಿದ ಟಿಡಿಐಸಿಐ ಸಂಸ್ಥೆಯ ಕೇಂದ್ರ ಬೆಂಗಳೂರೇ ಆಗಿತ್ತು.

ಸ್ಥಾಪನೆ

ಇಂತಹ ನಿಧಿಗಳು ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳ ಮೊದಲನೆಯ ವರ್ಗಕ್ಕೆ ಸೇರುತ್ತವೆ. ಬಹುತೇಕ ನಿಧಿಗಳು ಟ್ರಸ್ಟ್ ರೂಪದಲ್ಲಿರುತ್ತವೆ. ಪ್ರಾಯೋಜಕರು, ಟ್ರಸ್ಟಿಗಳು ಹಾಗೂ ವ್ಯವಸ್ಥಾಪಕ ಸಂಸ್ಥೆ ಅದರ ಮೂರು ಅಂಗಗಳು. ನಿಧಿಯ ಮೊತ್ತ ಕನಿಷ್ಠ 20 ಕೋಟಿ ರೂಪಾಯಿ ಇರಬೇಕು. ಹೂಡಿಕೆದಾರರೊಬ್ಬರ ಪಾಲು ಸಾಮಾನ್ಯವಾಗಿ 1 ಕೋಟಿಗೆ ಕಡಿಮೆಯಿರಬಾರದು. ಸಾರ್ವಜನಿಕರಿಂದ ಹಣ ಸಂಗ್ರಹಿಸುವಂತಿಲ್ಲ. ನಿಧಿಯ ಶೇಕಡಾ 2.5 ಅಥವಾ 5 ಕೋಟಿ, ಇವುಗಳಲ್ಲಿ ಕಡಿಮೆಯಾದುದನ್ನು ವ್ಯವಸ್ಥಾಪಕರು ಅಥವಾ ಪ್ರಾಯೋಜಕರು ತಮ್ಮ ಸ್ವಂತ ಹಣವಾಗಿ ಇಟ್ಟಿರಬೇಕು. ನಷ್ಟವಾದಾಗ ಅವರಿಗೂ ಬಿಸಿ ತಟ್ಟಲೆಂಬುದೇ ಇದರ ಉದ್ದೇಶ.

ನಿರ್ವಹಣೆ

ಹೂಡಿಕೆದಾರರು ಆರಂಭದಲ್ಲಿ ಪೂರ್ತಿ ಹಣ ಕಟ್ಟುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿ, ಕರೆ ಬಂದಾಗಲೆಲ್ಲ ಕಂತು ಸಲ್ಲಿಸುತ್ತಾರೆ. ಇಲ್ಲಿ ವರ್ತಕರು ಎಚ್ಚರಿಕೆಯಿಂದಿರಬೇಕು. ಒಪ್ಪಿದ ಹಣವನ್ನು ಸರಕಿನಲ್ಲಿ ತೊಡಗಿಸಿ ಕರೆಗೆ ತಪ್ಪಿದರೆ, ಒಪ್ಪಂದದ ಷರತ್ತಿನಂತೆ ಮೊದಲು ಕಟ್ಟಿದ್ದನ್ನೂ ಕಳೆದುಕೊಳ್ಳುವ ಸಂಭವವುಂಟು.

ರೂಢಿಯಲ್ಲಿ ನಿಧಿಯ ಆಯುಷ್ಯ 8ರಿಂದ 10 ವರ್ಷ. ಮೊದಲ ಮೂರು-ನಾಲ್ಕು ವರ್ಷ ಕಂಪನಿಗಳ ಆಯ್ಕೆ, ಅನಂತರ ಅವುಗಳ ಪೋಷಣೆ, ಕೊನೆಯಲ್ಲಿ ಷೇರುಗಳ ಮಾರಾಟ. ಹೂಡಬಹುದಾದ ಹಣದ ಶೇಕಡಾ 25ಕ್ಕಿಂತ ಹೆಚ್ಚನ್ನು ಒಂದೇ ಕಂಪನಿಯಲ್ಲಿ ತೊಡಗಿಸುವಂತಿಲ್ಲ. ವ್ಯವಸ್ಥಾಪಕರಿಗೆ ವರ್ಷಕ್ಕೆ ಸುಮಾರು ಶೇಕಡಾ 2 ಶುಲ್ಕ ಹಾಗೂ ಲಾಭದಲ್ಲಿ ಸುಮಾರು ಶೇಕಡಾ 20 ಪಾಲು ನೀಡುವುದು ವಾಡಿಕೆ.

ಲೆಕ್ಕಾಚಾರ

ಉದಾಹರಣೆಗೆ, 100 ಕೋಟಿಯ ನಿಧಿಯೊಂದನ್ನು ಊಹಿಸೋಣ. ಹತ್ತು ವರ್ಷಗಳ ಶುಲ್ಕಕ್ಕೆ 20 ಕೋಟಿ ಹೋದರೆ ಉಳಿಯುವುದು 80 ಕೋಟಿ. ಅದನ್ನು ತಲಾ 5 ಕೋಟಿಯಂತೆ 16 ಕಂಪನಿಗಳಲ್ಲಿ ಹೂಡಲಾಯಿತು. ಎಂಟು ಕಂಪನಿಗಳು ಮುಳುಗಿದವು. ಐದು ಕಂಪನಿಗಳಿಂದ ಅಸಲು ಮಾತ್ರ, ಅಂದರೆ 25 ಕೋಟಿ ಬಂದಿತು. ಹೂಡಿಕೆದಾರರ 100 ಕೋಟಿಯನ್ನು ಹಿಂದಿರುಗಿಸುವುದಕ್ಕೇ ಉಳಿದ ಮೂರು ಕಂಪನಿಗಳು 75 ಕೋಟಿ ತರಬೇಕು. ಅಂದರೆ ಪ್ರತಿಯೊಂದರ ಹೂಡಿಕೆ ಐದು ಪಟ್ಟಾಗಬೇಕು. ಹಣ ದ್ವಿಗುಣವಾಗಬೇಕಾದರೆ ಆ ಮೂರೂ ಸುಮಾರು ಹನ್ನೆರಡು ಪಟ್ಟು ಬೆಳೆಯಬೇಕು.

ವರ್ಷಕ್ಕೆ ಶೇಕಡಾ 15ರಂತೆ ಮೌಲ್ಯ ಬೆಳೆಸಿಕೊಳ್ಳುವ ಕಾರ್ಖಾನೆ ಹತ್ತು ವರ್ಷಗಳಲ್ಲಿ ನಾಲ್ಕು ಪಟ್ಟಾಗುತ್ತದೆ. ಅದು ಉತ್ತಮ ಉದ್ದಿಮೆಯೇ ಸರಿ, ಆದರೆ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಇಂತಹ ಉದ್ದಿಮೆಯನ್ನು ನಿಧಿಯು ನಿರಾಕರಿಸಿದರೆ ಅದನ್ನು ಉದ್ದಿಮೆಯ ದೋಷವೆಂದು ಭಾವಿಸಬೇಕಾಗಿಲ್ಲ. ಅದಕ್ಕೆ ಬ್ಯಾಂಕ್ ಸಾಲವೇ ತಕ್ಕದ್ದು.

ಗಮನಿಸಬೇಕಾದ ಅಂಶಗಳು

ಬಂಡವಾಳ ಬಯಸುವ ಉದ್ದಿಮೆದಾರರು ನಿಧಿಯ ಆಯುಷ್ಯದಲ್ಲಿ ಎಷ್ಟು ವರ್ಷ ಉಳಿದಿದೆಯೆಂದು ಮೊದಲೇ ವಿಚಾರಿಸಬೇಕು. ಏಳನೆಯ ವರ್ಷದಲ್ಲಿರುವ ನಿಧಿ ಮೂರೇ ವರ್ಷಗಳಲ್ಲಿ ಷೇರು ಮಾರಲು ಒತ್ತಾಯಿಸಬಹುದು. ಕಂಪನಿಯನ್ನೇ ಮಾರುವಂತೆ ಕೇಳುವ ಹಕ್ಕು ಒಪ್ಪಂದದಲ್ಲಿದೆಯೇ ಎಂಬುದನ್ನು ವಕೀಲರಿಂದ ಓದಿಸಿ ತಿಳಿಯಬೇಕು. ಹಣ ತೊಡಗಿಸುವ ವರ್ತಕರು ಹತ್ತು ವರ್ಷ ಬೇಡದ ಹಣವನ್ನು ಮಾತ್ರ ಇದಕ್ಕೆ ಮೀಸಲಿಡುವುದು ಕ್ಷೇಮ. ತಲೆಮಾರುಗಳಿಗೆ ಉಳಿಯಬೇಕೆಂಬ ಉದ್ದಿಮೆಗೂ, ಹತ್ತು ವರ್ಷಕ್ಕೆ ಮುಗಿಯಬೇಕಾದ ನಿಧಿಗೂ ಗುರಿ ಒಂದೇ ಅಲ್ಲವೆಂಬುದನ್ನು ಸಹಿ ಹಾಕುವ ಮುನ್ನವೇ ಅರಿತಿರುವುದು ಉಭಯತ್ರರಿಗೂ ಹಿತ.