ಇಂಗ್ಲಿಷ್ ವಾಕ್ಯದಲ್ಲಿ ವಿಶೇಷಣದ ಸ್ಥಾನ

ವ್ಯಾಕರಣವೆಂದರೆ ಒಣ ವಿಷಯವೆಂದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ. ಎರಡು ವರ್ಷಗಳ ಹಿಂದಿನವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಅದನ್ನು ಬದಲಿಸಿದ್ದು ಒಂದು ಅರ್ಜಿ.

ನಮ್ಮ ತಾತ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಅಲ್ಪ ಠೇವಣಿಯನ್ನು ಅಜ್ಜಿಗೆ ಕೊಡಿಸಬೇಕಾಗಿತ್ತು. ಅರ್ಜಿ ಇಂಗ್ಲಿಷಿನಲ್ಲಿರಬೇಕೆಂದು ಕಚೇರಿಯವರು ಹೇಳಿದರು. ಮನೆಯಲ್ಲಿ ಇಂಗ್ಲಿಷ್ ಕಲಿತವನು ನಾನೊಬ್ಬನೇ. ಹುರುಪಿನಿಂದ ಹೀಗೆ ಬರೆದೆ: "ಹ್ಯಾವಿಂಗ್ ಡೈಡ್ ಲಾಸ್ಟ್ ಮಂತ್, ಐ ರಿಕ್ವೆಸ್ಟ್ ಯು ಟು ಪೇ ಮೈ ಗ್ರ್ಯಾಂಡ್‌ಫಾದರ್ಸ್ ಡೆಪಾಸಿಟ್ ಟು ಮೈ ಗ್ರ್ಯಾಂಡ್‌ಮದರ್."

ಗುಮಾಸ್ತರು ಅದನ್ನು ಓದಿದರು, ಪಕ್ಕದ ಮೇಜಿನವರಿಗೂ ಓದಿ ಹೇಳಿದರು, ಇಬ್ಬರೂ ನಕ್ಕರು. "ಹೂ ಡೈಡ್? ಯು ಆರ್ ಯುವರ್ ಗ್ರ್ಯಾಂಡ್‌ಫಾದರ್?" ಎಂದು ನನ್ನನ್ನು ಕೇಳಿದರು. ಇಂಗ್ಲಿಷ್ ಬಾರದ ನಮ್ಮ ತಂದೆಯವರು, ಅವರು ಮೆಚ್ಚಿ ನಗುತ್ತಿದ್ದಾರೆಂದು ತಿಳಿದು ತಾವೂ ನಕ್ಕು, "ಹುಡುಗ ಚೆನ್ನಾಗಿ ಬರೆದಿದ್ದಾನಲ್ಲವೇ ಸ್ವಾಮಿ?" ಎಂದರು. ಅರ್ಜಿ ಹಿಂದಕ್ಕೆ ಬಂತು. ತಂದೆಯವರಿಗೆ ಮತ್ತೊಂದು ದಿನದ ಕೂಲಿ ಹೋಯಿತು. ಅಂದು ರಾತ್ರಿಯೇ ನಾನು ವ್ಯಾಕರಣದ ಪುಸ್ತಕ ತೆರೆದದ್ದು. ಅಲ್ಲಿ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿದರೆ ತಪ್ಪು ಕಿವಿಗೇ ತಿಳಿಯುತ್ತದೆ.

ಮೊದಲು ನಿಯಮವನ್ನು ನೋಡೋಣ. ಇಂಗ್ಲಿಷ್ ವಾಕ್ಯದ ಆರಂಭದಲ್ಲಿ ಕರ್ತೃವಿಲ್ಲದ ಕ್ರಿಯಾಪದಗುಚ್ಛ ಬಂದರೆ, ಅಲ್ಪವಿರಾಮದ ನಂತರ ಬರುವ ಮುಖ್ಯ ವಾಕ್ಯದ ಕರ್ತೃವೇ ಅದಕ್ಕೂ ಕರ್ತೃ. ನನ್ನ ಅರ್ಜಿಯಲ್ಲಿ ಆ ಸ್ಥಾನದಲ್ಲಿದ್ದ ಪದ "ಐ". ಆದ್ದರಿಂದ ಸತ್ತವನು ನಾನೇ ಆದೆ. ಹೀಗೆ ತನಗೆ ಸೇರಬೇಕಾದ ಕರ್ತೃ ಸಿಗದೆ ತೂಗಾಡುವ ಪದಗುಚ್ಛಕ್ಕೆ "ಡ್ಯಾಂಗ್ಲಿಂಗ್ ಮಾಡಿಫೈಯರ್" ಎಂದು ಹೆಸರು. ನಾವು ಇದನ್ನು ತೂಗಾಡುವ ವಿಶೇಷಣ ಎನ್ನಬಹುದು.

ಈ ತಪ್ಪು ಕನ್ನಡಿಗರಾದ ನಮ್ಮ ಕೈಯಲ್ಲಿ ಏಕೆ ಇಷ್ಟು ಸುಲಭವಾಗಿ ಆಗುತ್ತದೆ? ಕಾರಣ ನಮ್ಮ ಭಾಷೆಯಲ್ಲೇ ಇದೆ. "ಹೋಗಿ", "ಬಂದು", "ನೋಡಿ" ಮುಂತಾದ ಕೃದಂತಾವ್ಯಯಗಳು ನಮ್ಮ ಮಾತಿನ ಬೆನ್ನೆಲುಬು. ಸಾಮಾನ್ಯವಾಗಿ ಅವುಗಳಿಗೂ ಮುಖ್ಯ ಕ್ರಿಯೆಗೂ ಕರ್ತೃ ಒಬ್ಬನೇ: "ನಾನು ಮನೆಗೆ ಹೋಗಿ ಊಟ ಮಾಡಿದೆ." ಆದರೆ ಕನ್ನಡ ಇಲ್ಲಿ ಸ್ವಲ್ಪ ಉದಾರಿ. "ಮಳೆ ಬಂದು ಕೆರೆ ತುಂಬಿತು" ಎಂದರೆ ಬಂದದ್ದು ಮಳೆ, ತುಂಬಿದ್ದು ಕೆರೆ. "ತಾತ ತೀರಿಕೊಂಡು ಒಂದು ತಿಂಗಳಾಯಿತು" ಎಂಬುದೂ ಶುದ್ಧ ಕನ್ನಡವೇ. "ಬಿಸಿಲಲ್ಲಿ ನಡೆದು ನಡೆದು ನನಗೆ ಬಾಯಾರಿಕೆಯಾಯಿತು" ಎಂದರೆ ಯಾರೂ ಬಾಯಾರಿಕೆಯೇ ನಡೆಯಿತೆಂದು ತಿಳಿಯುವುದಿಲ್ಲ. "ನನಗೆ" ಎಂಬ ಚತುರ್ಥಿಯೇ ನಡೆದವನು ಯಾರೆಂದು ಹೇಳಿಬಿಡುತ್ತದೆ. ಇದನ್ನೇ "ವಾಕಿಂಗ್ ಇನ್ ದಿ ಸನ್, ಥರ್ಸ್ಟ್ ಕೇಮ್ ಟು ಮಿ" ಎಂದು ಇಳಿಸಿದರೆ ಇಂಗ್ಲಿಷಿನಲ್ಲಿ ಬಾಯಾರಿಕೆಯೇ ಬಿಸಿಲಲ್ಲಿ ನಡೆಯುತ್ತದೆ.

ಇದನ್ನು ತಿದ್ದಲು ಎರಡು ದಾರಿಗಳಿವೆ. ಒಂದು, ಅಲ್ಪವಿರಾಮದ ನಂತರ ನಿಜವಾದ ಕರ್ತೃವನ್ನು ತರುವುದು: "ವಾಕಿಂಗ್ ಇನ್ ದಿ ಸನ್, ಐ ಬಿಕೇಮ್ ಥರ್ಸ್ಟಿ." ಎರಡು, ಪದಗುಚ್ಛವನ್ನು ಒಡೆದು ಅದಕ್ಕೆ ಸ್ವಂತ ಕರ್ತೃವನ್ನು ಕೊಡುವುದು: "ಮೈ ಗ್ರ್ಯಾಂಡ್‌ಫಾದರ್ ಡೈಡ್ ಲಾಸ್ಟ್ ಮಂತ್. ಐ ರಿಕ್ವೆಸ್ಟ್ ಯು ಟು ಪೇ ಹಿಸ್ ಡೆಪಾಸಿಟ್ ಟು ಮೈ ಗ್ರ್ಯಾಂಡ್‌ಮದರ್." ಎರಡು ಸಣ್ಣ ವಾಕ್ಯಗಳು, ಸಂದೇಹಕ್ಕೆ ಎಡೆಯಿಲ್ಲ. "ಮಳೆ ಬಂದು" ಎಂಬ ನಮ್ಮ ರೀತಿಗೆ ಇಂಗ್ಲಿಷಿನಲ್ಲೂ ಒಂದು ಸ್ಥಳವುಂಟು: "ದಿ ರೈನ್ ಹ್ಯಾವಿಂಗ್ ಸ್ಟಾಪ್ಡ್, ವಿ ವಾಕ್ಡ್ ಹೋಮ್." ಇಲ್ಲಿ "ರೈನ್" ಎಂಬ ಕರ್ತೃ ಜೊತೆಗೇ ಇರುವುದರಿಂದ ತಪ್ಪಿಲ್ಲ.

ಕಚೇರಿಯ ಇಂಗ್ಲಿಷಿನ ಕರ್ಮಣಿ ಪ್ರಯೋಗದ ಮೋಹವೂ ಇದೇ ಹಳ್ಳಕ್ಕೆ ನೂಕುತ್ತದೆ. ನಾನು ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಬರುವವನು. ಮೆಟ್ರೋ ಈ ಎರಡರ ನಡುವೆ ನೇರವಾಗಿ ಓಡತೊಡಗಿದ್ದು 2023ರ ಅಕ್ಟೋಬರಿನಲ್ಲಿ. "ಟು ರೀಚ್ ದಿ ಕಾಲೇಜ್ ಇನ್ ಟೈಮ್, ದಿ ಮೆಟ್ರೋ ವಾಸ್ ಟೇಕನ್" ಎಂದು ಬರೆದರೆ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಸೇರಬೇಕೆಂಬ ಆತುರ ರೈಲಿನದೇ ಆಗುತ್ತದೆ. "ಐ ಟುಕ್ ದಿ ಮೆಟ್ರೋ" ಎಂದರೆ ಆತುರ ನನ್ನದಾಗುತ್ತದೆ.

ಇನ್ನೊಂದು ಬಗೆಯ ತಪ್ಪಿನಲ್ಲಿ ವಿಶೇಷಣಕ್ಕೆ ಯಜಮಾನನಿರುತ್ತಾನೆ. ಆದರೆ ಅದು ಬೇರೆಯವರ ಪಕ್ಕದಲ್ಲಿ ಹೋಗಿ ಕುಳಿತಿರುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಬುಟ್ಟಿ ಕೊಂಡ ಗೆಳೆಯನೊಬ್ಬ ಬರೆದ: "ಐ ಬಾಟ್ ಎ ಬಾಸ್ಕೆಟ್ ಫ್ರಮ್ ಆನ್ ಓಲ್ಡ್ ಮ್ಯಾನ್ ವಿತ್ ಎ ಬ್ರೋಕನ್ ಹ್ಯಾಂಡಲ್." ಪಾಪ, ಹಿಡಿ ಮುರಿದದ್ದು ಮುದುಕನದಾಯಿತು! "ವಿತ್ ಎ ಬ್ರೋಕನ್ ಹ್ಯಾಂಡಲ್" ಎಂಬುದನ್ನು "ಬಾಸ್ಕೆಟ್" ಪಕ್ಕಕ್ಕೆ ತಂದರೆ ಸಾಕು. ಕನ್ನಡದಲ್ಲಿ ವಿಶೇಷಣ ಯಾವಾಗಲೂ ವಿಶೇಷ್ಯದ ಹಿಂದೆಯೇ ಇರುತ್ತದೆ: "ಹಿಡಿ ಮುರಿದ ಬುಟ್ಟಿ." ಇಂಗ್ಲಿಷಿನಲ್ಲಿ ಒಂಟಿ ಗುಣಪದ ಹೆಚ್ಚಾಗಿ ಹಿಂದೆ ಬರುತ್ತದೆ, ಉದ್ದನೆಯ ಗುಚ್ಛ ಮುಂದೆ ಬರುತ್ತದೆ. ನಾವು ಎಡವುವುದು ಈ ತಿರುವಿನಲ್ಲಿ. ನಾವೂ "ಹಿಡಿ ಮುರಿದ ಮುದುಕನ ಬುಟ್ಟಿ" ಎಂದರೆ ಇದೇ ಗತಿ ಎಂಬುದನ್ನು ಮರೆಯಬಾರದು.

"ಓನ್ಲಿ" ಎಂಬ ಪದದ ವಿಷಯದಲ್ಲಂತೂ ಕನ್ನಡವೇ ನಮಗೆ ಗುರು. "ನಾನು ಮಾತ್ರ ಭಾನುವಾರ ಹೋದೆ", "ನಾನು ಭಾನುವಾರ ಮಾತ್ರ ಹೋದೆ" – ಇವೆರಡರ ಭೇದ ಮಗುವಿಗೂ ಗೊತ್ತು. "ಮಾತ್ರ" ಎಂಬುದು ತಾನು ಕಟ್ಟಿಹಾಕುವ ಪದದ ಬೆನ್ನಿಗೇ ನಿಲ್ಲುತ್ತದೆ. "ಓನ್ಲಿ" ಅದೇ ಪದದ ಮುಂಚೆ ನಿಲ್ಲಬೇಕು: "ಓನ್ಲಿ ಐ ವೆಂಟ್ ಆನ್ ಸಂಡೇ", "ಐ ವೆಂಟ್ ಓನ್ಲಿ ಆನ್ ಸಂಡೇ." ನಮ್ಮ ಬೀದಿಗಳಲ್ಲಿ ಕೇಳುವ "ಐ ಆಮ್ ಲಿವಿಂಗ್ ಇನ್ ಹಲಸೂರು ಓನ್ಲಿ" ಎಂಬ ಮಾತು "ಹಲಸೂರಿನಲ್ಲೇ" ಎಂಬುದರ ಏಕಾರವನ್ನು ಇಂಗ್ಲಿಷಿಗೆ ಅಂಟಿಸಿದ್ದು. ಮಾತಿನಲ್ಲಿ ಅದಕ್ಕೊಂದು ಸೊಗಸಿದೆ, ಅರ್ಜಿಯಲ್ಲಿ ಬೇಡ.

ಎರಡೂ ಕಡೆ ನೋಡುವ ಪದವೂ ಉಂಟು. "ಸ್ಟೂಡೆಂಟ್ಸ್ ಹೂ ಟ್ರಾವೆಲ್ ಬೈ ಬಸ್ ಆಫನ್ ಕಮ್ ಲೇಟ್" ಎಂಬಲ್ಲಿ, ಆಗಾಗ ಬಸ್ಸಿನಲ್ಲಿ ಬರುವವರೋ, ಆಗಾಗ ತಡವಾಗಿ ಬರುವವರೋ? "ಹೂ ಆಫನ್ ಟ್ರಾವೆಲ್" ಎಂದೋ, "ಆರ್ ಆಫನ್ ಲೇಟ್" ಎಂದೋ ಬರೆದರೆ ಜಗಳವಿಲ್ಲ.

ದೊಡ್ಡವರೂ ತಪ್ಪಿದ್ದಾರಲ್ಲ ಎಂದು ಅಧ್ಯಾಪಕರು ಕೇಳಬಹುದು. ನಿಜ. ಷೇಕ್ಸ್‌ಪಿಯರನ "ಹ್ಯಾಮ್ಲೆಟ್" ನಾಟಕದ ಮೊದಲನೆಯ ಅಂಕದಲ್ಲಿ ಸತ್ತ ರಾಜನ ಪ್ರೇತ ತನ್ನ ಸಾವಿನ ಸುದ್ದಿಯನ್ನು ಹೇಳುವ ಮಾತಿನಲ್ಲಿ, ವ್ಯಾಕರಣದಂತೆ ನೋಡಿದರೆ, ತೋಟದಲ್ಲಿ ಮಲಗಿದ್ದದ್ದು ರಾಜನಲ್ಲ, ಹಾವು. ಆದರೆ ಮಹಾಕವಿಯ ಪ್ರೇತಕ್ಕೆ ಸಲ್ಲುವ ರಿಯಾಯಿತಿ ಕಚೇರಿಯ ಕಿಟಕಿಯ ಮುಂದೆ ನಿಂತ ನಮಗೆ ಸಲ್ಲದು. "ಕನ್ಸಿಡರಿಂಗ್", "ಜನರಲಿ ಸ್ಪೀಕಿಂಗ್" ಮುಂತಾದುವು ರೂಢಿಯಿಂದ ಸ್ವತಂತ್ರವಾಗಿವೆ. ಅವಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

1809ರಲ್ಲಿ ಹಲಸೂರಿನ ಬಳಿ ದಂಡು ಬೀಡುಬಿಟ್ಟಂದಿನಿಂದ ಇಂಗ್ಲಿಷ್ ನಮ್ಮ ಕಡೆಯ ಬೀದಿಗಳಲ್ಲಿ ಕನ್ನಡ, ತಮಿಳು, ಉರ್ದುಗಳೊಡನೆ ಓಡಾಡುತ್ತಿದೆ. 1949ರಲ್ಲಿ ದಂಡು ಪ್ರದೇಶವೂ ನಗರವೂ ಒಂದೇ ಕಾರ್ಪೊರೇಷನ್ ಆದವು. ಆದರೂ ಆ ಭಾಷೆ ಬಾರದವರ ಪಾಲಿಗೆ ಒಂದು ಕಾಗದ ಇಂದಿಗೂ ಗೋಡೆಯೇ. ಅವರ ಪರವಾಗಿ ಬರೆಯುವವರು ನಾವು.

ಈಗ ನಮ್ಮ ಬೀದಿಯವರು ಅರ್ಜಿ ಬರೆಸಲು ನನ್ನಲ್ಲಿಗೆ ಬರುತ್ತಾರೆ. ಬರೆದಾದ ಮೇಲೆ ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಹಾಕುತ್ತೇನೆ: ಈ ಕೆಲಸ ಮಾಡಿದವರು ಯಾರು? ಈ ಪದ ಯಾರ ಪಕ್ಕದಲ್ಲಿರಬೇಕು? ಅಜ್ಜಿಗೆ ಹಣ ಎರಡನೆಯ ಅರ್ಜಿಗೆ ಬಂತು. ಅಂದು ಆ ಗುಮಾಸ್ತರು ಏಕೆ ನಕ್ಕರೆಂಬುದನ್ನು ಮಾತ್ರ ನಾನು ತಂದೆಯವರಿಗೆ ಇನ್ನೂ ಹೇಳಿಲ್ಲ.